ಜಾಗ ಬಿಡದ ದನಿ

ಒಲೆ ಊದಲು ಬಗ್ಗಿದಾಗ ಎಲೋಂಬಾಳಿಗೆ ತನ್ನ ಉಸಿರಿನ ಸದ್ದು ಕೇಳಿಸಿತು. ಬೂದಿ ಹಾರಿತು, ಕೆಂಡ ಕೆಂಪಗಾಯಿತು, ಎಲ್ಲವೂ ಎಂದಿನಂತೆಯೇ. ಆದರೆ ನಡೆಯಲು ಕಲಿತಾಗಿನಿಂದ ಒಲೆ ಊದಿಕೊಂಡು ಬಂದವಳಿಗೆ ಊದುವ ಬಾಯಿಗೂ ಒಂದು ಸದ್ದಿದೆಯೆಂದು ಈಚಿನವರೆಗೆ ಗೊತ್ತೇ ಇರಲಿಲ್ಲ. ಹೋದ ಹುಣ್ಣಿಮೆಯಿಂದ ಹೀಗೆಯೇ ಆಗಿದೆ. ನಡೆದರೆ ಹೆಜ್ಜೆ ಕೇಳುತ್ತದೆ, ಗೆಣಸು ಜಗಿದರೆ ದವಡೆ ಕೇಳುತ್ತದೆ, ಮಗಳು ಮೇಯಾಳನ್ನು ಗದರಿಸಿದರೆ ಆ ಗದರಿಕೆ ಇನ್ನಾರದೋ ಎಂಬಂತೆ ಹೊರಗಿನಿಂದ ಬಂದು ಕಿವಿಗೆ ಬೀಳುತ್ತದೆ. ಗುಡಿಸಲಿನ ಎಲೆಗಳಿಂದ ಮಳೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಿಡಾರದ ನಡುವೆ ಹೆಂಗಸರು ಬುಟ್ಟಿಗಳನ್ನು ಬೆನ್ನಿಗೇರಿಸುತ್ತ, ಹಾಡೆನ್ನಲಾಗದ, ಮಾತೆನ್ನಲೂ ಆಗದ ಆ ಬೆಳಗಿನ ಗುನುಗನ್ನು ಶುರುಮಾಡಿದ್ದರು. ಒಬ್ಬಳು ಎತ್ತಿ ಬಿಟ್ಟಲ್ಲಿಂದ ಇನ್ನೊಬ್ಬಳು ಹೊರಡುತ್ತಿದ್ದಳು. ಆ ಗುನುಗಿನಲ್ಲಿ ಯಾಂಬೆ ದೊಡ್ಡವ್ವನ ದನಿಯನ್ನು ಎಲೋಂಬಾ ಬೇಡವೆಂದರೂ ಗುರುತಿಸಿದಳು, ಗುರುತಿಸಿದ ಕೂಡಲೇ ಮತ್ತೆ ಬಗ್ಗಿ ಒಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಊದಿದಳು.

“ಹೊಗೆ ತಿಂದೇ ಹೊಟ್ಟೆ ತುಂಬಿಸ್ಕೋತೀಯೇನೇ?” ಎಂದ ಗಂಡ ದಿಂಬೆಲೆ. ಗುಡಿಸಲಿನ ಬಾಯಲ್ಲಿ ಕಾಲು ಚಾಚಿ ಕೂತು ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದ. “ಅವ್ರೆಲ್ಲ ಹೊರಟ್ರು ನೋಡು.”

“ಹೋಗ್ತೀನಿ ಬಿಡು.”

“ದೊಡ್ಡವ್ವ ಕೇಳ್ತಿದ್ಲು.”

“ಏನಂತೆ?”

“ಏನಂತೆ ಅಂದ್ರೆ? ಎಲೋಂಬಾ ಎದ್ಲಾ ಅಂತ. ಇನ್ನೇನು, ನನ್ನ ಬಲೆ ಹರಿದಿದೆಯಾ ಅಂತ ಕೇಳ್ತಾಳಾ ನಿನ್ನ ದೊಡ್ಡವ್ವ?” ಅವನು ದಾರವನ್ನು ಹಲ್ಲಿನಿಂದ ಕಡಿದ. “ನಾಳೆ ಬೇಟೆ. ಸಂಜೆ ಎಲ್ಲ ಹಾಡ್ತಾರೆ. ನೀನೂ ಒಂಚೂರು ಬಾಯಿಬಿಡು, ಪುಣ್ಯ ಬರತ್ತೆ.”

ನಗಿಸಲೆಂದೇ ಹೇಳಿದ್ದು. ಹೋದ ಬೇಟೆಯಲ್ಲಿ ಬಲೆ ಬರಿದಾಗಿ ಬಂದಿತ್ತು, ಅದಕ್ಕೆ ಹಿಂದಿನದರಲ್ಲೂ ಒಂದು ಸಣ್ಣ ನೀಲಿಜಿಂಕೆ ಸಿಕ್ಕಿದ್ದು ಬಿಟ್ಟರೆ ಬೇರೇನೂ ಇಲ್ಲ. ಯಾರೂ ಅವಳ ಹೆಸರೆತ್ತಲಿಲ್ಲ. ಕಾಡಿಗೆ ಹೆಂಗಸರ ಹಾಡು ಇಷ್ಟ, ಹಾಡು ತುಂಬಿ ಬಂದರೆ ಕಾಡು ಕೈಬಿಚ್ಚುತ್ತದೆ, ಇದು ಬಿಡಾರದ ಕೂಸುಗಳಿಗೂ ಗೊತ್ತು. ಆ ಹಾಡಿನಲ್ಲಿ ತಾನು ಬಾಯಿ ಆಡಿಸುತ್ತ ಕೂತಿದ್ದೇನೆ, ದನಿ ಇಲ್ಲ, ಇದು ಯಾರಿಗೂ ಗೊತ್ತಾಗಿಲ್ಲವೆಂದು ಮೊದಲು ಅಂದುಕೊಂಡಿದ್ದಳು. ಎಲ್ಲರಿಗೂ ಗೊತ್ತಿತ್ತು. ಮೇಯಾಳಿಗೇ ಗೊತ್ತಾಗಿತ್ತು. ಮಲಗಿಸುವಾಗ ಅವ್ವನ ಎದೆಯ ದನಿಯಿಂದ ತಲೆಯ ದನಿಗೆ ಹಾರಿ ಮತ್ತೆ ಎದೆಗೆ ಇಳಿಯುತ್ತಿದ್ದ ಜೋಗುಳ ಬಾರದೆ, ಆ ಕೂಸು ಈಗ ತನ್ನ ಪಾಡಿಗೆ ತಾನು ಎದ್ದು ಹೋಗಿ ದೊಡ್ಡವ್ವನ ಗುಡಿಸಲಿನಲ್ಲಿ ಮಲಗುತ್ತದೆ.

ಬುಟ್ಟಿ ಹೊತ್ತು ಹೆಂಗಸರ ಹಿಂದೆ ಹೊರಟಾಗ ಬಿಡಾರದ ಅಂಚಿನಲ್ಲಿ ಕಿವಿಯಣ್ಣ ತನ್ನ ಗುಡಿಸಲಿನ ಮೇಲೆ ಎಲೆ ಹೊದಿಸುತ್ತಿದ್ದ. ಎಲೆಯ ತೊಟ್ಟನ್ನು ಕೆಳಮುಖ ಮಾಡಿ ಸಿಕ್ಕಿಸುತ್ತಿದ್ದ, ಹಾಗೆ ಮಾಡಿದರೆ ನೀರು ಒಳಗೇ ಬರುತ್ತದೆಂದು ಎಲ್ಲರೂ ಹೇಳಿ ಹೇಳಿ ಸಾಕಾಗಿದ್ದರು. ಅವನ ನಿಜವಾದ ಹೆಸರು ಬಾಯಿಗೆ ಬಾರದ್ದು. ದೂರದ ದೇಶದವನು, ಇವರ ಹಾಡು ಕಲಿಯಲು ಬಂದವನು, ಎರಡು ಮಳೆಗಾಲ ಇಲ್ಲೇ ಕಳೆದಿದ್ದ. ಸದಾ ಎರಡು ಕಪ್ಪು ಬಟ್ಟಲುಗಳನ್ನು ಕಿವಿಗೆ ಮುಚ್ಚಿಕೊಂಡು, ದನಿ ಹಿಡಿದಿಡುವ ಪೆಟ್ಟಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂರುವುದರಿಂದ ಆ ಹೆಸರು. ಕೇಳಲೆಂದೇ ಬಂದವನು ಕಿವಿ ಮುಚ್ಚಿಕೊಳ್ಳುವುದೇಕೆಂದು ಮಕ್ಕಳಿಗೆ ಇನ್ನೂ ತಮಾಷೆ. ಯಾರು ಮೊದಲು ಹಾಡುತ್ತಾರೆ ಎಂದು ಅವನು ಬಂದ ಹೊಸದರಲ್ಲಿ ಕೇಳಿದ್ದಕ್ಕೆ ದೊಡ್ಡವ್ವ, “ಯಾರಿಗೆ ಮೊದ್ಲು ನಿದ್ದೆ ಕೆಡತ್ತೋ ಅವ್ರು” ಎಂದಿದ್ದಳು. ಪಾಪ, ಅವನಿಗೆ ಹಾಡುವ ಆಸೆಯೂ ಇತ್ತು. ಪಕ್ಕದಲ್ಲಿ ಕೂರಿಸಿಕೊಂಡರೆ ಪಕ್ಕದವಳು ಏನು ಹಾಡುತ್ತಾಳೋ ಅದನ್ನೇ ತಾನೂ ಹಾಡುತ್ತಿದ್ದ, ಬೇರೆಯವರ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತಿದ್ದ, ಮಕ್ಕಳು ಉರುಳಾಡಿ ನಗುತ್ತಿದ್ದವು. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಈಗಲೂ ಎಲೋಂಬಾಳನ್ನು ಕಂಡು ಅವನು ನಕ್ಕು ಕೈ ಎತ್ತಿದ, ಕೈಯಲ್ಲಿದ್ದ ಎಲೆಗಳೆಲ್ಲ ಕೆಳಗೆ ಬಿದ್ದವು.

ಅವನದು ತಪ್ಪಲ್ಲ. ಎಲ್ಲರೂ ಒಟ್ಟಿಗೆ ಹಾಡಿದರೆ ತನ್ನ ಕಿವಿಗೆ ಅದು ಒಂದು ದೊಡ್ಡ ನದಿಯ ಹಾಗೆ ಬರುತ್ತದೆ, ಯಾರು ಎಲ್ಲಿ ಹರಿಯುತ್ತಿದ್ದಾರೆಂದು ತಿಳಿಯುವುದಿಲ್ಲ, ಅದಕ್ಕೇ ಒಬ್ಬೊಬ್ಬರೇ ಹಾಡಿಕೊಡಿ ಎಂದು ಹೋದ ಹುಣ್ಣಿಮೆಯ ಹೊತ್ತಿಗೆ ಕೇಳಿದ್ದ. ಒಬ್ಬೊಬ್ಬರೇ ಹಾಡುವುದೆಂದರೇನು? ಹೆಂಗಸರು ನಕ್ಕಿದ್ದರು. ಕೊನೆಗೆ ದೊಡ್ಡವ್ವ ಮನಸ್ಸು ಕರಗಿ ಪೆಟ್ಟಿಗೆಯ ಮುಂದೆ ಕೂತಳು. ಆಮೇಲೆ ದೊಡ್ಡವ್ವನ ಮಗಳು ಮಬೋತಿ ಆ ಬಟ್ಟಲುಗಳನ್ನು ತೊಟ್ಟು, ಅದರೊಳಗೆ ಅವ್ವನ ದನಿ ಕೇಳುತ್ತ ತನ್ನದನ್ನು ಸೇರಿಸಿದಳು. ಹೀಗೆ ಒಬ್ಬರ ಮೇಲೊಬ್ಬರು. ಕೊನೆಯ ಸರದಿ ಎಲೋಂಬಾಳದು. ಬಟ್ಟಲು ಕಿವಿಗೆ ಕೂತದ್ದೇ ತಡ ಕಾಡು ಇಲ್ಲವಾಯಿತು. ಜೀರುಂಡೆ ಇಲ್ಲ, ಮಕ್ಕಳಿಲ್ಲ, ಹೊಳೆಯಿಲ್ಲ. ಆ ಖಾಲಿಯಲ್ಲಿ ದೊಡ್ಡವ್ವ ಇದ್ದಳು, ತಲೆಯ ಒಳಗೇ ಕೂತಷ್ಟು ಹತ್ತಿರ. ಎಲೋಂಬಾ ಎಂದಿನಂತೆ ಮೆಲ್ಲಗೆ ಬಾಯಿ ತೆರೆದು ಅವಳ ಪಕ್ಕಕ್ಕೆ ಬಂದಳು. ಬಂದರೆ ದೊಡ್ಡವ್ವ ಸರಿಯುತ್ತಾಳೆ. ಮರದ ದಿಮ್ಮಿಯ ಮೇಲೆ ಕೂತವರು ಇನ್ನೊಬ್ಬರು ಬಂದಾಗ ಮಾತು ನಿಲ್ಲಿಸದೆ ಒಂದಿಷ್ಟು ಸರಿದು ಕೂರುವುದಿಲ್ಲವೇ, ಹಾಗೆ. ಹಾಡೆಂದರೆ ಅಷ್ಟೇ ಎಂದು ಎಲೋಂಬಾ ತಿಳಿದಿದ್ದಳು. ದೊಡ್ಡವ್ವ ಸರಿಯಲಿಲ್ಲ. ಎಲೋಂಬಾ ಕಾದಳು. ಕಿವಿಯಣ್ಣ ಹಾಡು ಹಾಡು ಎಂದು ಕೈಮಾಡಿದ. ಮತ್ತೆ ಹೋದಳು, ಈ ಸಲ ಕೊಂಚ ಎತ್ತರದಲ್ಲಿ, ಮಬೋತಿಯ ಕಡೆಯಿಂದ. ಮಬೋತಿಯೂ ಸರಿಯಲಿಲ್ಲ. ಎಲ್ಲರೂ ಅವಳಿಲ್ಲವೆಂಬಂತೆ ಹಾಡಿಕೊಂಡೇ ಹೋದರು. ಸತ್ತವರು ಬಿಡಾರಕ್ಕೆ ಮರಳಿ ಬಂದರೆ ಹೀಗೇ ಇರಬೇಕು, ಎಲ್ಲರ ಮಾತೂ ಕೇಳುತ್ತದೆ, ಯಾರೂ ತಮಗಾಗಿ ಸರಿಯುವುದಿಲ್ಲ. ಆದರೂ ಎಲ್ಲೆಲ್ಲಿ ಸಂದಿತ್ತೋ ಅಲ್ಲಲ್ಲಿ ನುಸುಳಿ, ಹೇಗೋ ಹಾಡಿ ಮುಗಿಸಿದಳು.

“ಚೆನ್ನಾಗಿದೆ, ತುಂಬ ಚೆನ್ನಾಗಿದೆ,” ಎಂದು ಕಿವಿಯಣ್ಣ ಅವಳ ದನಿಯೊಂದನ್ನೇ ಹಾಕಿ ಕೇಳಿಸಿದ್ದ. ಅವಳ ನಿಜವಾದ ನಾಚಿಕೆ ಇರುವುದು ಅಲ್ಲಿ. ಬೇರೆಯವರು ತಮ್ಮ ದನಿ ಕೇಳಿ, ಥೂ, ಕಪ್ಪೆ ಎಂದು ನಕ್ಕು ಎದ್ದುಹೋಗಿದ್ದರು. ಅವಳು ಮಾತ್ರ ಇನ್ನೊಮ್ಮೆ ಹಾಕು ಎಂದಳು. ಯಾರದೂ ಬೆರೆಯದ, ಒಂಟಿ, ತೆಳ್ಳನೆಯ ಆ ದನಿ ಬೆಳಗಿನ ಮಂಜಿನಲ್ಲಿ ಒಬ್ಬಳೇ ನಡೆದು ಹೋಗುವ ಹುಡುಗಿಯಂತಿತ್ತು, ಅದು ಅವಳಿಗೆ ಹಿಡಿಸಿತು. ಹಿಡಿಸಿದ್ದು ತನಗೇ ಗೊತ್ತಾಗಿ ಮೈ ಬೆಚ್ಚಗಾಯಿತು. ಮತ್ತೊಮ್ಮೆ ಎಂದಳು. ಸಿಕ್ಕಿದ ಜೇನನ್ನು ಮರದಡಿಯೇ ಕೂತು ಒಬ್ಬಳೇ ತಿಂದು ಬಾಯಿ ಒರೆಸಿಕೊಂಡು ಬಿಡಾರಕ್ಕೆ ಬಂದಂತೆ ಇತ್ತು ಅವತ್ತು ಅವಳ ನಡಿಗೆ. ಅದೇ ಸಂಜೆ ಹಾಡಲು ಕೂತಾಗ ಪಕ್ಕದಲ್ಲಿದ್ದ ದೊಡ್ಡವ್ವ ಎಂದಿನಂತೆ ಅವಳು ಬರುವುದನ್ನು ಕೇಳಿ ಸರಿದು ಜಾಗ ಬಿಟ್ಟಳು. ಎಲೋಂಬಾಳಿಗೆ ಎಲ್ಲಿತ್ತೋ ಸಿಟ್ಟು ಬಂತು. ಈಗ ಸರಿಯುತ್ತಾಳೆ, ಆಗೇಕೆ ಸರಿಯಲಿಲ್ಲ? ಆ ಸಿಟ್ಟು ಗಂಟಲಲ್ಲಿ ಕೂತದ್ದು ಇನ್ನೂ ಎದ್ದಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ದೊಡ್ಡವ್ವನಲ್ಲ, ಹಿಂದೆಂದೋ ಅವಳು ಬಿಟ್ಟುಹೋದ ಉಸಿರು, ಅದಕ್ಕೆ ಕಿವಿಯಿಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಮನಸ್ಸು ಹೂಂಗುಟ್ಟುತ್ತಿತ್ತು. ಮೈ ಮಾತ್ರ ದೊಡ್ಡವ್ವನ ಪಕ್ಕ ಕೂರಲು ಒಪ್ಪುತ್ತಿರಲಿಲ್ಲ.

ಹೊಳೆಯಲ್ಲಿ ಹೆಂಗಸರು ಬುಟ್ಟಿ ದಡಕ್ಕಿಟ್ಟು ಸೊಂಟದವರೆಗೆ ಇಳಿದು ತಾಳಕ್ಕೆ ನೀರು ಬಡಿಯತೊಡಗಿದರು. ಅಂಗೈ ಬಟ್ಟಲು ಮಾಡಿ ನೀರಿನೊಳಕ್ಕೆ ಅದುಮಿದರೆ ಹೊಳೆಯ ಹೊಟ್ಟೆಯಿಂದ ದುಡುಂ ಎಂದು ಸದ್ದೇಳುತ್ತದೆ. ಎಲೋಂಬಾಳ ಕೈ ಬಿದ್ದಲ್ಲೆಲ್ಲ ಚಪ್ ಎಂದಿತು. ತನ್ನ ಕೈಯ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದಳಲ್ಲ, ಕೈ ತಡವಾಗುತ್ತಿತ್ತು.

“ಕೈ ಎಲ್ಲಿಟ್ಟು ಬಂದಿದ್ದೀಯೇ ಅಕ್ಕಾ?” ಎಂದಳು ಮಬೋತಿ. “ಮೀನು ಓಡಿಸ್ತಿದ್ದೀಯಾ?”

“ಹೂಂ, ನಿನ್ನ ಗಂಡನ್ನ ಹುಡುಕ್ತಿದ್ದೀನಿ, ಇಲ್ಲೇ ಎಲ್ಲೋ ಬಿದ್ದಿರ್ಬೇಕು,” ಎಂದಳು ಎಲೋಂಬಾ. ಎಲ್ಲರೂ ನಕ್ಕರು. ಮಾತಿಗೆ ಮಾತು ಕೊಡುವುದು ಇನ್ನೂ ಬರುತ್ತದೆ ಎಂದು ತುಸು ಸಮಾಧಾನವಾಯಿತು. ಆದರೆ ದೊಡ್ಡವ್ವ ನಗಲಿಲ್ಲ. ನೀರು ಬಡಿಯುವುದನ್ನು ನಿಲ್ಲಿಸಿ, ಮುಖದ ನೀರನ್ನು ಅಂಗೈಯಿಂದ ಸವರಿಕೊಂಡು ಎಲೋಂಬಾಳನ್ನೇ ನೋಡುತ್ತಿದ್ದಳು. ಎಲೋಂಬಾ ಮುಖ ತಿರುಗಿಸಿಕೊಂಡು ಅಡುಗೆಗೆ ಕೋಕೊ ಸೊಪ್ಪು ಕೊಯ್ಯಲು ಬಳ್ಳಿಯ ಕಡೆ ಹೊರಟಳು.

ಮಧ್ಯಾಹ್ನ ಸೊಪ್ಪು ಸಣ್ಣಗೆ ಹೆಚ್ಚುತ್ತ ಎಲ್ಲರೂ ನೆರಳಲ್ಲಿ ಕೂತಿರುವಾಗ ಆಗಬೇಕಾದದ್ದು ಆಯಿತು. ಬಿಡಾರದಲ್ಲಿ ಯಾರಾದರೂ ಸೆಟೆದುಕೊಂಡರೆ, ಗಂಟುಮುಖ ಹಾಕಿಕೊಂಡರೆ ಬೈಯುವವರಿಲ್ಲ. ವಯಸ್ಸಾದ ಹೆಂಗಸೊಬ್ಬಳು ಎದ್ದು ಎಲ್ಲರೆದುರು ಅವರ ಹಾಗೇ ಆಡಿ ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ, ಆಡಿಸಿಕೊಂಡವರೂ ನಕ್ಕರೆ ಅಲ್ಲಿಗೆ ಮುಗಿಯಿತು, ನೀರು ಹಾಕಿ ತೊಳೆದಂತೆ. ದೊಡ್ಡವ್ವ ಎದ್ದಳು. ಒಡೆದ ಕಾಯಿಯ ಎರಡು ಹೋಳುಗಳನ್ನು ಕಿವಿಗಳ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿ, ಕುತ್ತಿಗೆ ನೀಳ ಮಾಡಿ, ಜಗತ್ತಿನಲ್ಲಿ ತನ್ನನ್ನು ಬಿಟ್ಟು ಯಾರೂ ಇಲ್ಲವೆಂಬಂತೆ ತೂಗುತ್ತ, ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿದಳು. ಆಮೇಲೆ ಒಂದು ಕಣ್ಣು ಬಿಟ್ಟು, “ಇನ್ನೊಮ್ಮೆ ಹಾಕು,” ಎಂದಳು. ಬಿಡಾರ ಹೋ ಎಂದಿತು. ದನಿ ಹಿಡಿಯಲು ಕಿವಿಯಣ್ಣ ಬಾಯಿಗೊಡ್ಡುವ ಕೋಲಿನಂತೆ ಕೋಲೊಂದರ ತುದಿಗೆ ಕಾಯಿ ಚುಚ್ಚಿಕೊಂಡು ಮಬೋತಿ ಅವನಾಗಿ ಬಂದು, ದೊಡ್ಡವ್ವನ ಬಾಯಿಯ ಹತ್ತಿರ, ಆಮೇಲೆ ಅವಳ ಹಿಂಭಾಗದ ಹತ್ತಿರ ಹಿಡಿದು ತಲೆದೂಗಿದಳು. ಗಂಡಸರು ಹೊಟ್ಟೆ ಹಿಡಿದುಕೊಂಡರು. ಕಿವಿಯಣ್ಣ ಮುಖವೆಲ್ಲ ಕೆಂಪಗೆ ಮಾಡಿಕೊಂಡು, ತೊಡೆ ಬಡಿದುಕೊಂಡು ನಕ್ಕ.

ಎಲೋಂಬಾ ನಗಲಿಲ್ಲ. ನಗಬೇಕೆಂದೇ ಬಾಯಿ ಅಗಲ ಮಾಡಿದಳು. ಇನ್ನೊಮ್ಮೆ ಹಾಕು ಎಂದದ್ದು ದೊಡ್ಡವ್ವನಿಗೆ ಗೊತ್ತಿದೆ, ಎಲ್ಲರಿಗೂ ಗೊತ್ತಿದೆ. ಬಾಯಿ ಅಗಲವಾಗಿಯೇ ಉಳಿದು ಕೆನ್ನೆ ನಡುಗಿತು. ಹೊರಗಿನಿಂದ ಬಂದವನಿಗೂ ನಗುವ ಹೊತ್ತಿಗೆ ನಗಲು ಬಂದಿತ್ತು, ಇಲ್ಲೇ ಹುಟ್ಟಿದ ತನಗೆ ಬರಲಿಲ್ಲ. ನಗು ಒಂದೊಂದಾಗಿ ನಿಂತಿತು. ಹೆಚ್ಚಿದ ಸೊಪ್ಪನ್ನು ಅಲ್ಲೇ ಬಿಟ್ಟು, ತನ್ನ ಕಾಲ ಸದ್ದನ್ನು ಕೇಳಿಸಿಕೊಳ್ಳುತ್ತ ಗುಡಿಸಲಿಗೆ ಹೋಗಿ ಗೋಡೆಯ ಎಲೆಗಳ ಕಡೆ ಮುಖ ಮಾಡಿ ಮಲಗಿದಳು. ನಾಳೆ ಬಲೆ ಬರಿದಾಗಿ ಬಂದರೆ ದಿಂಬೆಲೆ ಏನೂ ಅನ್ನುವುದಿಲ್ಲ, ಯಾರೂ ಏನೂ ಅನ್ನುವುದಿಲ್ಲ, ಸುಮ್ಮನೆ ಬಿಡಾರ ಎತ್ತಿ ಬೇರೆಡೆ ಹೂಡಿದಾಗ ಅವಳ ಗುಡಿಸಲು ಉಳಿದವರದಕ್ಕಿಂತ ಒಂದಿಷ್ಟು ದೂರದಲ್ಲಿ ಏಳುತ್ತದೆ. ಅವ್ವ ಸತ್ತಾಗ ಎಲೋಂಬಾ ಇನ್ನೂ ಬೆನ್ನಿನ ಕೂಸು. ಅವ್ವನ ಮುಖ ನೆನಪಿಲ್ಲ. ನೆನಪಿರುವುದು ದೊಡ್ಡವ್ವನ ಬೆನ್ನು, ಅದರ ಬೆವರು, ಅದಕ್ಕೆ ಒತ್ತಿಕೊಂಡ ಕಿವಿಗೆ ಒಳಗಿನಿಂದ ಬರುತ್ತಿದ್ದ ಹಾಡಿನ ಗುಂಯ್‌ಗುಡುವಿಕೆ. ಮಾತಿಗಿಂತ ಮೊದಲು ಕಲಿತದ್ದು ಅದು. ಆ ಬೆನ್ನಿನ ಮೇಲಿಂದಲೇ ಕೂಸು ಒಂದು ಸಲ ಉಂ ಎಂದಿತಂತೆ, ದೊಡ್ಡವ್ವ ಹಾಡುತ್ತಿದ್ದದ್ದನ್ನು ತಕ್ಷಣ ಬದಲಿಸಿ ಆ ಉಂ ಎಂಬುದಕ್ಕೆ ಜಾಗ ಮಾಡಿದಳಂತೆ. ದೊಡ್ಡವ್ವ ಇದನ್ನು ಎಷ್ಟು ಸಲ ಹೇಳಿದ್ದಾಳೋ.

“ಒಳಗೆ ಬರ್ಲಾ, ಇಲ್ಲೇ ಕೂರ್ಲಾ?”

ದೊಡ್ಡವ್ವ. ಎಲೋಂಬಾ ತಿರುಗಲಿಲ್ಲ. ಗುಡಿಸಲಿನ ತಗ್ಗು ಬಾಗಿಲಲ್ಲಿ ಮುದುಕಿ ಏದುಸಿರು ಬಿಡುತ್ತ ಕೂರುವುದು ಕೇಳಿಸಿತು.

“ಹೊಟ್ಟೆನೋವಾ?”

“ಇಲ್ಲ.”

“ದಿಂಬೆಲೆ ಏನಾದ್ರೂ ಅಂದ್ನಾ? ಅವ್ನಿಗೆ ಮಾಡ್ತೀನಿ ತಾಳು.”

“ಅವ್ನೇನೂ ಅಂದಿಲ್ಲ.”

“ಹಾಗಾದ್ರೆ ನಾನು.” ದೊಡ್ಡವ್ವ ಇದನ್ನು ಪ್ರಶ್ನೆಯಂತೆ ಕೇಳಲಿಲ್ಲ. “ನನ್ನ ಮೇಲೇ ಸಿಟ್ಟು. ಆಡಿ ತೋರ್ಸಿದ್ದಕ್ಕಲ್ಲ, ಅದಕ್ಕೆ ಮೊದ್ಲಿಂದಾನೇ. ನನ್ನ ಪಕ್ಕ ಕೂರ್ತಿಲ್ಲ ನೀನು. ಏನ್ಮಾಡ್ದೆ ನಾನು? ಹೇಳು ಮಗಾ.”

ಹೇಳಿದರೆ ಹುಚ್ಚಿ ಎನ್ನುತ್ತಾಳೆ. ನಾಳೆ ಅದನ್ನೂ ಆಡಿ ತೋರಿಸುತ್ತಾರೆ. ಆದರೆ ಮಗಾ ಎಂಬ ಮಾತಿಗೆ ಎಲೋಂಬಾಳ ಕಣ್ಣು ತುಂಬಿ, ಎಲೆಗಳ ಗೋಡೆ ಮಸುಕಾಗಿ, ಗೋಡೆಗೇ ಹೇಳುವಂತೆ ಹೇಳಿದಳು: “ನೀನು ನಂಗೆ ಜಾಗ ಬಿಡ್ಲಿಲ್ಲ.”

“ಎಲ್ಲಿ?”

“ಪೆಟ್ಟಿಗೇಲಿ. ನಾನು ಬಂದೆ, ನೀನು ಸರೀಲಿಲ್ಲ. ಮತ್ತೆ ಬಂದೆ. ನಾನಿಲ್ವೇ ಇಲ್ಲ ಅನ್ನೋ ಹಾಗೆ ಹಾಡ್ಕೊಂಡು ಹೋದೆ. ಅದು ನೀನಲ್ಲ, ಗೊತ್ತು ನಂಗೆ. ಗೊತ್ತಿದ್ರೂ... ಆಮೇಲೆ ನನ್ನ ದನಿ ಒಂದೇ ಕೇಳಿಸ್ದ, ಅದು ಚಂದ ಅನ್ನಿಸ್ತು. ನೀವ್ಯಾರೂ ಇಲ್ದೇ ಚಂದ ಅನ್ನಿಸ್ತು ದೊಡ್ಡವ್ವಾ. ಈಗ ಬಾಯಿ ತೆಗೆದ್ರೆ ಅದೇ ಕೇಳತ್ತೆ, ಬೇರೇನೂ ಕೇಳಲ್ಲ.”

ದೊಡ್ಡವ್ವ ನಗುತ್ತಾಳೆಂದು ಕಾದಳು. ನಗಲಿಲ್ಲ. ತಿರುಗಿ ನೋಡಿದರೆ ಮುದುಕಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು, ಮುಖದಲ್ಲಿ ನೋವಿತ್ತು.

“ಸರೀಲಿಲ್ವಾ ನಾನು?”

“ಅದು ನೀನಲ್ಲ ಅಂದ್ನಲ್ಲ.”

“ನನ್ನ ದನಿ ತಾನೇ? ನನ್ನ ನಾಯಿ ನಿನ್ನ ಕಚ್ಚಿದ್ರೆ, ಕಚ್ಚಿದ್ದು ನಾನಲ್ಲ ಅಂತ ಸುಮ್ನಿರಕ್ಕಾಗತ್ತಾ?” ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದಳು. “ಏಳು. ಬಾ ನನ್ ಜೊತೆ.”

ಬಿಸಿಲು ಮರಗಳ ಬುಡಕ್ಕೆ ಇಳಿದಿತ್ತು. ಕಿವಿಯಣ್ಣ ಒದ್ದೆ ಕಟ್ಟಿಗೆಗೆ ಬೆಂಕಿ ಹಚ್ಚಲು ಒದ್ದಾಡುತ್ತಿದ್ದ. ದೊಡ್ಡವ್ವ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಅವನಿಗೆ ಹೇಳಿಬಿಟ್ಟಳು. ಎಲೋಂಬಾ ನೆಲ ನೋಡುತ್ತ ನಿಂತಳು. ಅವನ ಮುಖದ ಬಣ್ಣ ಇಳಿಯಿತು. “ನನ್ನಿಂದ ಆಯ್ತಾ? ನನಗೆ... ನನಗೆ ಗೊತ್ತಾಗಲಿಲ್ಲ. ಅಳಿಸಿಬಿಡಲಾ? ಎಲ್ಲ ಅಳಿಸುತ್ತೇನೆ,” ಎಂದು ತೊದಲಿದ. ಎರಡು ಮಳೆಗಾಲದ ದುಡಿಮೆ ಅದು, ಅವನು ಅಳಿಸಿಯೇ ಬಿಡುತ್ತಿದ್ದ. ಎಲೋಂಬಾಳಿಗೆ ಅವನ ಮೇಲೆ ಪ್ರೀತಿ ಬಂತು.

“ಅಳಿಸೋದು ಯಾಕಪ್ಪ, ಹಾಕು ಅಂತಿದ್ದೀನಿ,” ಎಂದಳು ದೊಡ್ಡವ್ವ. “ಇವಳೊಬ್ಬಳ ದನಿ ಹಾಕು. ಆ ಕಿವಿ ಇಲ್ಲಿ ಕೊಡು.”

ಅವನು ಕೊಟ್ಟ. ದೊಡ್ಡವ್ವ ಬಟ್ಟಲುಗಳನ್ನು ತನ್ನ ನರೆತ ತಲೆಗೆ ಸಿಕ್ಕಿಸಿಕೊಂಡು, ಮಧ್ಯಾಹ್ನ ಕಾಯಿಯ ಹೋಳು ಇಟ್ಟುಕೊಂಡು ಕುಣಿದದ್ದೇ ಸುಳ್ಳೆಂಬಂತೆ, ಗಂಭೀರವಾಗಿ ದಿಮ್ಮಿಯ ಮೇಲೆ ಕೂತಳು. ಪೆಟ್ಟಿಗೆಯಲ್ಲಿ ಕೆಂಪು ಕಣ್ಣೊಂದು ಹೊತ್ತಿತು. ದೊಡ್ಡವ್ವ ಕೇಳುತ್ತಿದ್ದಳು, ಏನನ್ನು ಎಂಬುದು ಹೊರಗಿನವರಿಗೆ ಕೇಳಿಸದು. ಅವಳ ಹುಬ್ಬು ಏರಿತು, ತುಟಿ ಸಡಿಲವಾಯಿತು, ಓ ಎಂಬಂತೆ ತಲೆಯಾಡಿಸಿದಳು. ಆಮೇಲೆ ಹಾಡತೊಡಗಿದಳು.

ಎಲೋಂಬಾ ಮೊದಲು ಮುಜುಗರದಿಂದ, ಆಮೇಲೆ ಅಚ್ಚರಿಯಿಂದ ಕೇಳಿದಳು. ದೊಡ್ಡವ್ವ ಎಂದೂ ಹೀಗೆ ಹಾಡಿದವಳಲ್ಲ. ಎತ್ತುತ್ತಿದ್ದಳು, ಎತ್ತಿದ್ದನ್ನು ಅರ್ಧಕ್ಕೇ ಬಿಡುತ್ತಿದ್ದಳು. ಇಳಿಯುತ್ತಿದ್ದಳು, ಏನನ್ನೋ ಕಂಡು ಪಕ್ಕಕ್ಕೆ ಸರಿಯುತ್ತಿದ್ದಳು, ನಿಲ್ಲುತ್ತಿದ್ದಳು, ಕಾಯುತ್ತಿದ್ದಳು, ಮತ್ತೆ ಬೇರೆ ಕಡೆಯಿಂದ ಬರುತ್ತಿದ್ದಳು. ಎದುರಿಗೆ ಬರುವವರಿಗೆ ಕಾಲುದಾರಿಯಲ್ಲಿ ದಾರಿ ಬಿಡುವಂತೆ. ಪೆಟ್ಟಿಗೆಯ ಎಲೋಂಬಾಳಿಗೆ ಕಿವಿಯಿಲ್ಲ, ಅವಳಿಗೆ ಈ ಉಪಚಾರ ತಿಳಿಯದು, ಆದರೂ ಮುದುಕಿ ಒಂದು ಕಡೆಯೂ ತಪ್ಪದೆ ಸರಿಯುತ್ತಿದ್ದಳು. ಬಿಟ್ಟ ಆ ಜಾಗಗಳು ಬರಿದಾಗಿ ಸಂಜೆಯ ಗಾಳಿಯಲ್ಲಿ ನಿಂತವು. ಎಲೋಂಬಾ ಒಂದನ್ನು ಗುರುತಿಸಿದಳು. ಇನ್ನೊಂದನ್ನೂ. ಅದು ತನ್ನ ಅಳತೆ. ಅಲ್ಲಿ ತಾನು ಮೇಲಕ್ಕೆ ಹಾರುತ್ತೇನೆ, ಇಲ್ಲಿ ಎದೆಗೆ ಇಳಿಯುತ್ತೇನೆ. ಬೆನ್ನ ಮೇಲಿನ ಕೂಸು ಉಂ ಎಂದಂದಿನಿಂದ ದೊಡ್ಡವ್ವನ ಹಾಡಿನಲ್ಲಿ ಖಾಲಿಯೇ ಇದ್ದ, ತಾನು ತುಂಬಿ ತುಂಬಿ ಎಂದೂ ಕಣ್ಣಿಗೆ ಬೀಳದಿದ್ದ ಜಾಗ. ಗಂಟಲು ಬಿಚ್ಚಿತು. ಬಿಚ್ಚಿದ್ದು ಅವಳಿಗೆ ಗೊತ್ತಾಗಲಿಲ್ಲ.

ದೊಡ್ಡವ್ವ ಥಟ್ಟನೆ ಒಂದು ಬಟ್ಟಲನ್ನು ಕಿವಿಯಿಂದ ಎತ್ತಿದಳು. ಒಂದು ಕಿವಿಯಲ್ಲಿ ಪೆಟ್ಟಿಗೆಯವಳು, ಇನ್ನೊಂದರಲ್ಲಿ ಇವಳು.

“ಅಯ್ಯಯ್ಯೋ, ಇಬ್ಬರಾದ್ರಲ್ಲಪ್ಪಾ!” ಎಂದು ಕೂಗಿದಳು. “ಒಬ್ಬಳಿಗೆ ಜಾಗ ಬಿಟ್ಟೂ ಬಿಟ್ಟೂ ದಿಮ್ಮಿ ತುದಿಗೆ ಬಂದಿದ್ದೀನಿ, ಇನ್ನೊಬ್ಬಳು ಎಲ್ಲಿಂದ ಬಂದ್ಲು? ಬೀಳ್ತೀನಿ ಕಣ್ರೇ, ಹಿಡ್ಕೊಳ್ರೇ!” ಎಂದು ನಿಜವಾಗಿಯೂ ದಿಮ್ಮಿಯ ತುದಿಯಿಂದ ನೆಲಕ್ಕೆ ಜಾರಿ, ಕಾಲು ಮೇಲೆ ಮಾಡಿದಳು.

ಮಧ್ಯಾಹ್ನ ಬಾರದಿದ್ದ ನಗು ಎಲೋಂಬಾಳಿಗೆ ಆಗ ಬಂತು. ಹೊಟ್ಟೆ ಹಿಡಿದು, ಮರಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುವಿನ ಸದ್ದು ಕೇಳಿ ಮಬೋತಿ ಬಂದಳು, ಅವಳ ಹಿಂದೆ ಉಳಿದವರು ಬಂದರು, ಮೇಯಾ ಬಂದು ಅವ್ವನ ಕಾಲಿಗೆ ಜೋತುಬಿದ್ದಳು. ನೆಲದಲ್ಲಿ ಬಿದ್ದಲ್ಲಿಂದಲೇ ದೊಡ್ಡವ್ವ ಹಾಡು ಎತ್ತಿದಳು, ಮಬೋತಿ ಹಿಡಿದಳು, ದಿಮ್ಮಿಯ ಮೇಲೆ ತೊಡೆಗೆ ತೊಡೆ ತಾಗಿಸಿ ಎಲ್ಲರೂ ಕೂತರು, ಹಾಡು ಶುರುವಾಗಿಯೇ ಹೋಗಿತ್ತು. ದೂರದಲ್ಲಿ ದಿಂಬೆಲೆ ಬಲೆ ಕೆಳಗಿಟ್ಟು ಕಿವಿಗೊಟ್ಟ.

ಕಿವಿಯಣ್ಣ ಪೆಟ್ಟಿಗೆಯ ಪಕ್ಕದಲ್ಲಿ ಒಂಟಿಯಾಗಿ ನಿಂತಿದ್ದ. ದೊಡ್ಡವ್ವ ಎದ್ದು ಆ ಬಟ್ಟಲುಗಳನ್ನು ಅವನ ಗುಡಿಸಲಿನ ಗೂಟಕ್ಕೆ ನೇತುಹಾಕಿ ಅವನ ಕೈ ಹಿಡಿದೆಳೆದಳು. “ಸರ್ಕೊಳ್ರೇ, ಇವನಿಗೂ ಒಂಚೂರು.” ಹೆಂಗಸರು ಹಾಡು ನಿಲ್ಲಿಸದೆ ಸರಿದರು. ಅವನು ಎಲೋಂಬಾಳ ಪಕ್ಕ ಮೈ ಕುಗ್ಗಿಸಿಕೊಂಡು ಕೂತ, ಬಹಳ ಹೊತ್ತು ಕೇಳಿದ, ಆಮೇಲೆ ಧೈರ್ಯ ಮಾಡಿ ಬಾಯಿ ತೆರೆದ. ಎಂದಿನಂತೆಯೇ ಪಕ್ಕದವಳು ಹಾಡುತ್ತಿದ್ದದ್ದರ ಮೇಲೇ ಬಂದು ಕೂತ. ಇನ್ನೊಮ್ಮೆ ಹಾಕು ಎಂದು ಅವಳು ಪೆಟ್ಟಿಗೆಯಿಂದ ಮತ್ತೆ ಮತ್ತೆ ಕೇಳಿಸಿಕೊಂಡಿದ್ದ ಅವಳದೇ ತೆಳ್ಳನೆಯ ಎಳೆ ಅದು, ಅವನ ಬಾಯಲ್ಲಿ ಒರಟಾಗಿ, ನಡುಗುತ್ತ ಬಂತು. ಮಕ್ಕಳು ಕಿಸಕ್ಕೆಂದವು. ಎಲೋಂಬಾ ಅದನ್ನು ಅವನಿಗೇ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದಳು.